ತನ್ನದೇ ಹೊಲಿಗೆಯನ್ನು ಕದ್ದ ಆಪಾದನೆ ಹೊತ್ತ ನನ್ನ ಹೆಂಡತಿಯ ಪರವಾಗಿ, ಒಂದು ದುಬಾರಿ ದಿಂಬಿನಂಗಡಿಗೆ

ಗೃಹಾಲಂಕಾರ ಮಳಿಗೆಯ ವ್ಯವಸ್ಥಾಪಕರ ದಿವ್ಯ ಸಮ್ಮುಖಕ್ಕೆ,

ಮಾನ್ಯರೇ,

ತಮ್ಮ ಮಳಿಗೆಯ ಗಾಜಿನ ಬಾಗಿಲು ಗಿರಾಕಿಯ ಚಪ್ಪಲಿಯ ಅಂತಸ್ತು ನೋಡಿಕೊಂಡು ಎಂದಿನಂತೆ ತಾನಾಗಿಯೇ ತೆರೆದುಕೊಳ್ಳುತ್ತಿದೆಯೆಂದೂ, ಒಳಗಿನ ಪರಿಮಳ ಎಂದಿನಂತೆ ಹೊಸ ನೋಟಿನ ವಾಸನೆಯನ್ನು ಮುಚ್ಚಿಡುವಷ್ಟು ಗಾಢವಾಗಿದೆಯೆಂದೂ, ತಮ್ಮ ಹಲ್ಲುನೋವು ಈಗ ಪೂರ್ತಿ ವಾಸಿಯಾಗಿದೆಯೆಂದೂ ನಂಬಿ, ಎರಡೂ ಕೈ ಜೋಡಿಸಿ ಈ ಪತ್ರವನ್ನು ತಮ್ಮ ಪಾದದ ಬಳಿ, ಅಂದರೆ ಆ ಬಿಳಿ ಉಣ್ಣೆಯ ನೆಲಹಾಸಿನ ಅಂಚಿನಲ್ಲಿ, ಅದನ್ನು ತುಳಿಯದಂತೆ ಎಚ್ಚರ ವಹಿಸಿ, ಇಡುತ್ತಿದ್ದೇನೆ.

ತಾವು ವಕೀಲರ ಮೂಲಕ ಕಳಿಸಿದ ನೋಟಿಸು ಕಳೆದ ಮಂಗಳವಾರ ಕೈಸೇರಿತು. ಮೊದಲಿಗೆ ಅದರ ಕಾಗದಕ್ಕೆ ನನ್ನ ಅಭಿನಂದನೆ. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷ ಕೂತು ಸಾರ್ವಜನಿಕರ ದೂರುಗಳಿಗೆ ಉತ್ತರ ಬರೆದು ನಿವೃತ್ತನಾದ ಗುಮಾಸ್ತ ನಾನು. ಕಾಗದ ಎಂಥದೆಂದು ಬೆರಳು ಸೋಕಿದರೇ ಗೊತ್ತಾಗುತ್ತದೆ. ಇಷ್ಟು ದಪ್ಪನೆಯ, ಇಷ್ಟು ಕೆನೆಬಣ್ಣದ ಕಾಗದ ನಮ್ಮ ಮನೆಯ ಹೊಸ್ತಿಲು ದಾಟಿದ್ದು ಇದೇ ಮೊದಲು. ನೋಟಿಸಿನ ಸಾರಾಂಶ ಇಷ್ಟು: ನನ್ನ ಹೆಂಡತಿಯು ತಮ್ಮ ಮಳಿಗೆಯ ‘ದ್ವೀಪ’ ಎಂಬ ಸಾಲಿನ ಕುಶನ್‌ಗಳನ್ನು ನಕಲು ಮಾಡಿ ಹೊಲಿದು ಮಾರುತ್ತಿದ್ದಾಳೆ, ಇನ್ನು ಮುಂದೆ ಆ ಮಾದರಿಯಲ್ಲಿ ‘ಯಾರಿಗಾಗಿಯೂ, ಯಾವ ಕಾರಣಕ್ಕೂ, ಒಂದೇ ಒಂದು ಹೊಲಿಗೆಯನ್ನೂ’ ಹಾಕಕೂಡದು, ಮನೆಯಲ್ಲಿರುವ ನಕಲಿ ಸರಕನ್ನು ಹದಿನೈದು ದಿನಗಳೊಳಗೆ ಒಪ್ಪಿಸಬೇಕು. ಅಂಚೆಯವರು ಇದನ್ನು ಕೊಟ್ಟು ಸಹಿ ಹಾಕಿಸಿಕೊಳ್ಳುವಾಗ ಮೆಟ್ಟಿಲ ಮೇಲೆ ಮೂರು ಮನೆಯವರು ನಿಂತಿದ್ದರಾದ್ದರಿಂದ ನೋಟಿಸು ಆಗಲೇ ಬಹಿರಂಗವಾಗಿದೆ. ಉತ್ತರ ಮಾತ್ರ ಗುಟ್ಟಾಗಿ ಏಕಿರಬೇಕೆಂದು ಇದನ್ನೂ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಡೆದದ್ದನ್ನು ಮೊದಲಿನಿಂದ ಅರಿಕೆ ಮಾಡಿಕೊಳ್ಳಲು ಅಪ್ಪಣೆಯಾಗಬೇಕು. ದೂರಿನ ಮೂಲ ತಿಳಿಯದೆಯೇ ಉತ್ತರ ಬರೆಯುವುದು ನನ್ನ ಹಳೆಯ ಕಚೇರಿಯ ಪದ್ಧತಿ. ನಿವೃತ್ತಿಯ ದಿನ ಅದನ್ನು ಮೇಜಿನ ಡ್ರಾಯರಿನಲ್ಲೇ ಬಿಟ್ಟುಬಂದೆ.

ನಮ್ಮದು ಮೂರನೆಯ ಮಹಡಿಯ ಮನೆ. ನಡುಮನೆಯಲ್ಲಿ, ವರ್ಗವಾಗಿ ಹೋದ ಸಹೋದ್ಯೋಗಿಯೊಬ್ಬರು ಬಿಟ್ಟುಹೋದ ಉದ್ದನೆಯ ಸೋಫಾ, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಟ್ಯೂಬ್‌ಲೈಟು, ಬಣ್ಣದ ಕಂಪನಿಯವರು ಕೊಟ್ಟ ಒಂದು ಕ್ಯಾಲೆಂಡರು. ನನಗೆ ಇದರಲ್ಲಿ ಯಾವ ಕೊರತೆಯೂ ಕಂಡಿರಲಿಲ್ಲ. ಆದರೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ನನ್ನ ಮಗಳಿಗೆ ಬಡ್ತಿ ಸಿಕ್ಕಿ, ಜೊತೆಯವರನ್ನೆಲ್ಲ ಊಟಕ್ಕೆ ಕರೆಯುವ ಮಾತು ಬಂದಾಗ ಅವಳು ನಡುಮನೆಯ ನಡುವೆ ನಿಂತು ಒಂದು ಸುತ್ತು ತಿರುಗಿ, “ಅಪ್ಪಾ, ನಮ್ಮ ಹಾಲ್ ನೋಡಿದ್ರೆ ಯಾರೋ ಈಗ ಟೋಕನ್ ನಂಬರ್ ಕೂಗ್ತಾರೇನೋ ಅನ್ಸತ್ತೆ” ಅಂದಳು. ಕಣ್ಣಿನ ವಿಷಯದಲ್ಲಿ ಅವಳ ಮಾತಿಗೆ ಎದುರಾಡುವ ಅರ್ಹತೆ ನನಗಿಲ್ಲ. ಹೆಂಡತಿ ಅವಳ ಅಕ್ಕನ ಮನೆಗೆ ಎರಡು ದಿನ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಮನೆಯನ್ನು ಬದಲಾಯಿಸಿ ಬೆರಗುಗೊಳಿಸೋಣವೆಂದು ಅಪ್ಪ-ಮಗಳು ತಮ್ಮ ಮಳಿಗೆಗೆ ಬಂದೆವು.

ಅಲ್ಲಿ ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡ ತಮ್ಮ ಸಲಹೆಗಾರ್ತಿ ನಮಗೆ ಸಿಕ್ಕಿದ್ದು ನಮ್ಮ ಪೂರ್ವಪುಣ್ಯ. ನನ್ನ ಅಂಗಿಯ ಕಾಲರನ್ನು ಒಂದು ಸಲ ನೋಡಿದವಳೇ ಆಕೆ ನಮ್ಮ ಹಣಕಾಸಿನ ಪರಿಸ್ಥಿತಿಯನ್ನು ಅರ್ಥ ಮಾಡಿಕೊಂಡು, ದನಿ ತಗ್ಗಿಸಿ ಹೇಳಿದಳು: “ಅಂಕಲ್, ಎಲ್ಲಾನೂ ಕಾಸ್ಟ್ಲಿ ತಗೋಬೇಡಿ. ಲ್ಯಾಂಪು, ಟ್ರೇ, ಫ್ರೇಮು, ಕರ್ಟನ್ನು ಎಲ್ಲಾ ಬೀದೀಲೇ ತಗೊಳ್ಳಿ. ಒಂದೇ ಒಂದು ಐಟಂ ಮಾತ್ರ ಇಲ್ಲಿಂದ. ಬಂದವರ ಕಣ್ಣು ಮೊದಲು ಅದರ ಮೇಲೆ ಬೀಳತ್ತೆ. ಆಮೇಲೆ ಮಿಕ್ಕಿದ್ದೂ ಅಷ್ಟೇ ಬೆಲೆಯದು ಅಂದ್ಕೋತಾರೆ.” ಮಾನ್ಯರೇ, ಮೋಸ ಮಾಡುವ ವಿಧಾನವನ್ನು ಇಷ್ಟು ಪ್ರಾಮಾಣಿಕವಾಗಿ ಹೇಳಿಕೊಟ್ಟವರನ್ನು ನಾನು ಕಂಡಿರಲಿಲ್ಲ. ಆಮೇಲೆ ನೆನಪಾಯಿತು: ನಮ್ಮ ಕಚೇರಿಯಲ್ಲೂ ಕೆಲಸ ಮಾಡುವ ಒಬ್ಬನೇ ಒಬ್ಬನನ್ನು ಬಾಗಿಲ ಹತ್ತಿರ ಕೂರಿಸುತ್ತಿದ್ದರು. ಅದು ಗೃಹಾಲಂಕಾರವೆಂದು ಆಗ ನಮಗೆ ತಿಳಿದಿರಲಿಲ್ಲ.

ಹೀಗೆ ನಾವು ಆ ಕುಶನ್ನಿನ ಮುಂದೆ ನಿಂತೆವು. ‘ದಿಂಬು’ ಎಂದು ನಾನು ಬಾಯಿತಪ್ಪಿ ಅಂದದ್ದಕ್ಕೆ ದೂರದಲ್ಲಿದ್ದ ತಾವೇ ಖುದ್ದಾಗಿ ನಡೆದು ಬಂದು, “ಕುಶನ್ ಅನ್ನಿ ಸರ್” ಎಂದು ತಿದ್ದಿದ್ದು ನೆನಪಿರಬಹುದು. ಕಡುನೀಲಿ ಬಟ್ಟೆ, ಅದರ ಮೇಲೆ ಸಣ್ಣ ಅಲೆಗಳ ಹಾಗೆ ಸಾಲುಸಾಲಾಗಿ ಬಿಳಿ ದಾರದ ಕೈಹೊಲಿಗೆ. ಅದಕ್ಕೊಂದು ಪ್ರತ್ಯೇಕ ಪೀಠ. ಪೀಠದ ಮೇಲೆ ಪ್ರತ್ಯೇಕ ದೀಪ. ನಮ್ಮ ಓಣಿಯ ತಿರುವಿಗೊಂದು ದೀಪ ಹಾಕಿಸಲು ನಾನು ಹನ್ನೊಂದು ಅರ್ಜಿ ಬರೆದಿದ್ದೇನೆಂಬುದನ್ನು ಇಲ್ಲಿ ಸುಮ್ಮನೆ ಪ್ರಸ್ತಾಪಿಸುತ್ತೇನೆ. ಪಕ್ಕದ ಕಾರ್ಡಿನಲ್ಲಿ ಹೀಗಿತ್ತು: ‘ದೂರದ ದ್ವೀಪವೊಂದರ ಹೆಂಗಸರು, ಕಡಲ ಅಲೆಗಳ ಲಯಕ್ಕೆ ಕೈಯಾಡಿಸುತ್ತಾ, ಮೌನದಲ್ಲಿ ಹೊಲಿದದ್ದು.’ ಅದರ ಕೆಳಗಿನ ಅಂಕಿಗಳನ್ನು ನಾನು ಆ ದ್ವೀಪದ ಫೋನ್ ನಂಬರು ಎಂದುಕೊಂಡೆ. ಬೆಲೆಯೆಂದು ಮಗಳು ಕಿವಿಯಲ್ಲಿ ಹೇಳಿದಾಗ, ಅಷ್ಟು ಹೊತ್ತು ತಮ್ಮ ಎದುರು ನಿಂತು ಬೇಡ ಎನ್ನುವ ಧೈರ್ಯ ಯಾರಿಗಿರುತ್ತದೆ? ಕೊಂಡೆವು. ತಾವು ಅದನ್ನು ಕಾಗದದಲ್ಲಿ ಸುತ್ತಿ, ಆ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಚೀಲದಲ್ಲಿಟ್ಟು ಕೊಟ್ಟಿರಿ. ಹಸುಗೂಸನ್ನು ಆಸ್ಪತ್ರೆಯಿಂದ ಮನೆಗೆ ತರುವಾಗಲೂ ನಾವು ಇಷ್ಟು ಜೋಪಾನ ಮಾಡಿರಲಿಲ್ಲವೆಂದು, ಆ ಕೂಸೇ ಪಕ್ಕದಲ್ಲಿ ನಡೆಯುತ್ತಾ ನನಗೆ ಹೇಳಿತು.

ಮಿಕ್ಕಿದ್ದನ್ನು ಸಲಹೆಯ ಪ್ರಕಾರ ಬೀದಿಬದಿಯಲ್ಲಿ ಆರಿಸಿದೆವು: ಹಗ್ಗ ಸುತ್ತಿದ ಒಂದು ದೀಪ, ಹಿತ್ತಾಳೆಯ ಬಣ್ಣ ಬಳಿದ ತಗಡಿನ ತಟ್ಟೆ, ಮೂರು ಚೌಕಟ್ಟು, ಒಂದು ಜೊತೆ ಪರದೆ. ಸಂಜೆಯ ಹೊತ್ತಿಗೆ ಎಲ್ಲ ಜೋಡಿಸಿ, ಖಾಲಿ ಸೋಫಾದ ಸರಿಯಾಗಿ ನಡುವೆ ತಮ್ಮ ಕುಶನ್ನನ್ನು ಕೂರಿಸಿ, ಹೆಂಡತಿ ಬರುವುದನ್ನೇ ಕಾಯುತ್ತಾ ನಾವಿಬ್ಬರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆವು. ಸೋಫಾದಲ್ಲಿ ಕೂರಲು ಭಯವಾಯಿತು.

ಇಲ್ಲಿ ನನ್ನ ಹೆಂಡತಿಯ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ಆರು ವರ್ಷದಿಂದ ಅವಳು ನಮ್ಮ ಬಾಲ್ಕನಿಗೆ ಹಾಕಿಸಿದ ಕಿಟಕಿಯ ಹಿಂದೆ, ಹೊಲಿಗೆ ಮಿಷನ್ನಿನ ಮುಂದೆ ಕೂತು, ಯಾರ್ಯಾರದೋ ಬಟ್ಟೆ ಹೊಲಿಯುತ್ತಾಳೆ. ಸೋಮವಾರ ಕತ್ತರಿಸಿದ ಬಟ್ಟೆಯ ಕಟ್ಟು ತಂದುಕೊಟ್ಟು ಶನಿವಾರ ಹೊಲಿದದ್ದನ್ನು ಒಯ್ಯುವ ಒಬ್ಬರಿದ್ದಾರೆ; ಅವರು ಸ್ಕೂಟರಿನಿಂದ ಇಳಿದದ್ದನ್ನು ಯಾರೂ ನೋಡಿಲ್ಲವಾದ್ದರಿಂದ ನಮ್ಮ ಮನೆಯಲ್ಲಿ ಅವರ ಹೆಸರು ಸ್ಕೂಟರಣ್ಣ. ಹೊಲಿದದ್ದು ಎಲ್ಲಿಗೆ ಹೋಗುತ್ತದೆಂದು ಕೇಳಿದರೆ, “ಮೇಲಿನವರಿಗೆ ಅಕ್ಕಾ” ಅನ್ನುತ್ತಾರೆ. ಹೊರಗೆ ಕಾಣುವ ದಾರದ ಬಣ್ಣ ಒಂದು ಎಳೆಯಷ್ಟು ಹೆಚ್ಚುಕಡಿಮೆಯಾದರೂ ಮೇಲಿನವರು ಪೀಸನ್ನು ವಾಪಸು ಕಳಿಸುತ್ತಾರೆ. ಹಾಗೆ ವಾಪಸು ಬಂದವುಗಳನ್ನು ಅವಳು ಮೊದಮೊದಲು ನಮ್ಮ ಸೋಫಾದ ಮೇಲಿಡುತ್ತಿದ್ದಳು. ಒಂದು ದಿನ ನಾನು, “ಬಂದವರು ನೋಡಿದ್ರೆ ಏನಂದ್ಕೋತಾರೆ, ರಿಜೆಕ್ಟ್ ಮಾಲು ತಂದು ಮೆರೆಸ್ತಾರೆ ಅಂತಾರೆ, ಎತ್ತಿ ಒಳಗಿಡು” ಅಂದೆ. ಅವಳು ಎತ್ತಿ ಒಳಗಿಟ್ಟಳು. ಅಷ್ಟೇ ನಡೆದದ್ದು, ಆಗ ಅದು ದೊಡ್ಡ ವಿಷಯವೆಂದು ನನಗೆ ಅನ್ನಿಸಲಿಲ್ಲ.

ಹೆಂಡತಿ ಬಂದಳು. ಪರದೆ ನೋಡಿ “ಚೆನ್ನಾಗಿದೆ” ಅಂದಳು. ದೀಪ ನೋಡಿ “ಇದೂ ಚೆನ್ನಾಗಿದೆ” ಅಂದಳು. ಆಮೇಲೆ ಸೋಫಾದ ಕಡೆ ತಿರುಗಿದವಳು ನೇರವಾಗಿ ಹೋಗಿ ಅದರ ಮೇಲೆ ಕೂತು, ತಮ್ಮ ಕುಶನ್ನನ್ನು ತೊಡೆಯ ಮೇಲಿಟ್ಟುಕೊಂಡು, ಜಿಪ್ಪು ಎಳೆದು, ಕೋಳಿಯ ಚರ್ಮ ಸುಲಿಯುವವಳ ಹಾಗೆ ಒಂದೇ ಸಲಕ್ಕೆ ಕವರನ್ನು ಒಳಹೊರಗು ಮಾಡಿಬಿಟ್ಟಳು.

“ಎಲ್ಲಿ ಸಿಕ್ತುರೀ ಇದು?”

“ಅಂಗಡೀಲಿ. ದ್ವೀಪದ ಹೆಂಗಸರು ಹೊಲಿದಿದ್ದು. ಮೌನದಲ್ಲಿ.”

“ಮೌನ ಎಲ್ಲಿಂದ ಬಂತು? ಇದನ್ನ ಹೊಲಿಯೋವಾಗ ಪಕ್ಕದ ಮನೆಯೋರು ಇಡೀ ದಿನ ಗೋಡೆ ಕೊರೀತಿದ್ರು. ತಲೆ ಸಿಡೀತಿತ್ತು ನನಗೆ.”

ಮಾನ್ಯರೇ, ತಮ್ಮ ವಕೀಲರು ಸಾಕ್ಷ್ಯವನ್ನು ಪ್ರೀತಿಸುವವರೆಂದು ಕೇಳಿದ್ದೇನೆ. ಆದ್ದರಿಂದ ವಿವರವಾಗಿ ಬರೆಯುತ್ತೇನೆ. ನನ್ನ ಹೆಂಡತಿ ಎಡಚಿ. ಅವಳ ಕೈಹೊಲಿಗೆ ಬೇರೆಯವರದಕ್ಕೆ ವಿರುದ್ಧ ದಿಕ್ಕಿಗೆ ವಾಲುತ್ತದೆ. ಮೂಲೆಗಳನ್ನು ಅವಳು ನೇರವಾಗಿ ಹೊಲಿಯುವುದಿಲ್ಲ. ನಾಯಿಯ ಕಿವಿಯ ಹಾಗೆ ಚೂಪಾಗಿ ಎದ್ದುನಿಲ್ಲುತ್ತವೆಂದು ಒಳಕ್ಕೆ ಒಂದಿಷ್ಟು ಜಾರಿಸುತ್ತಾಳೆ. ಇದರ ಮೇಲೆ, ಆ ದಿನ ನೀಲಿ ದಾರದ ಉಂಡೆ ಮುಗಿದು ಒಳಗಿನ ಅಂಚಿನಲ್ಲಿ ನಾಲ್ಕು ಬೆರಳಿನಷ್ಟು ಸ್ವಲ್ಪ ತಿಳಿನೀಲಿಯ ದಾರ ಬಿದ್ದಿತ್ತು. ಮಗಳು ಕೆಲಸಕ್ಕೆ ಬಳಸುವ ಭೂತಗನ್ನಡಿ ತಂದಳು. ಎಡಕ್ಕೆ ವಾಲಿದ ಹೊಲಿಗೆ ಇತ್ತು. ಜಾರಿದ ಮೂಲೆ ನಾಲ್ಕೂ ಇದ್ದವು. ತಿಳಿನೀಲಿ ದಾರ, ಅಳೆದು ನೋಡಿದೆ, ನಾಲ್ಕು ಬೆರಳೇ ಇತ್ತು. ಹೆಂಡತಿ ಎದ್ದುಹೋಗಿ ಮಂಚದ ಕೆಳಗಿನ ಟ್ರಂಕನ್ನು ಎಳೆದು, ಮೇಲಿನವರು ವಾಪಸು ಕಳಿಸಿದ್ದ ಅಂಥವೇ ಮೂರು ನೀಲಿ ಕವರುಗಳನ್ನು ತಂದು ಪಕ್ಕದಲ್ಲಿ ಹರಡಿದಳು.

“ನಿನ್ನ ಹತ್ರ ಇಂಥದ್ದು ಮೂರಿತ್ತಾ?” ಅಂದೆ.

“ನೀವೇ ತಾನೇ ಒಳಗಿಡು ಅಂದಿದ್ದು?” ಅಂದಳು.

ಸಿಟ್ಟಿನಿಂದ ಅಂದಿದ್ದರೆ ಏನಾದರೂ ಉತ್ತರ ಕೊಡಬಹುದಿತ್ತು. ಅವಳು ಸುಮ್ಮನೆ, ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಹೇಳುವ ಹಾಗೆ ಅಂದಳು. ತಮ್ಮ ಮೇಲೆ ಹೊರಿಸಬಹುದಾದ ಅಪರಾಧಗಳ ಪಟ್ಟಿ ಮಾಡುವಾಗ ಈ ಒಂದು ಮಾತ್ರ ತಮ್ಮದಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಅವಳ ಕೈಯದೇ ವಸ್ತು ಮಂಚದ ಕೆಳಗಿದ್ದಾಗ ರಿಜೆಕ್ಟ್ ಮಾಲು. ಅದಕ್ಕೆ ತಾವೊಂದು ದೀಪ ಹಾಕಿ ಕಾರ್ಡು ನಿಲ್ಲಿಸಿದ ಕೂಡಲೇ ನಾನು ಕಿಸೆಯಲ್ಲಿದ್ದದ್ದನ್ನೆಲ್ಲ ಸುರಿದು ಅವಳಿಗೆ ಉಡುಗೊರೆ ತಂದೆ. ಆರು ವರ್ಷ ಮಿಷನ್ನಿನ ಸದ್ದಿಗೆ ಟಿವಿಯ ದನಿ ಜೋರು ಮಾಡಿಕೊಂಡವನು, ಒಂದು ಸಲವಾದರೂ ಎದ್ದುಹೋಗಿ ಏನು ಹೊಲಿಯುತ್ತಿದ್ದೀಯೆಂದು ನೋಡಲಿಲ್ಲ. ನೋಟಿಸು ಕಳಿಸುವ ಹುರುಪಿನಲ್ಲಿರುವ ತಮ್ಮ ವಕೀಲರು ನನಗೂ ಒಂದು ಕಳಿಸುವುದಾದರೆ ಸಹಿ ಹಾಕಿ ತೆಗೆದುಕೊಳ್ಳುತ್ತೇನೆ.

ಆ ಬೆಲೆಯ ಸಾಮಾನು ಕೊಂಡವರ ಮನೆಗೆ ಸಲಹೆಗಾರ್ತಿ ಬಂದು ನೋಡುವ ಸೌಲಭ್ಯ ಉಚಿತವಷ್ಟೆ. ಮುಂದಿನ ವಾರ ಆಕೆ ಬಂದಳು. ಅಷ್ಟರಲ್ಲಿ ನಾಲ್ಕೂ ನೀಲಿ ದಿಂಬುಗಳು ಸೋಫಾ ಏರಿದ್ದವು. ಯಾವುದು ಯಾವುದೆಂದು ನನಗೂ ಗೊತ್ತಾಗದಂತೆ ಮಗಳು ಅದಲುಬದಲು ಮಾಡಿಟ್ಟಿದ್ದಳು. “ಅಯ್ಯೋ ಅಂಕಲ್, ನಾಲ್ಕು ತಗೊಂಡ್ರಾ!” ಎಂದು ಸಲಹೆಗಾರ್ತಿ ಸಂಭ್ರಮಿಸಿದಾಗ ಮಗಳು, “ಒಂದೇ ನಿಮ್ಮದು. ಮಿಕ್ಕಿದ್ದು ಅಗ್ಗದ್ದು. ನೀವು ಹೇಳಿದ ಹಾಗೆ ಮಿಕ್ಸ್ ಮಾಡಿದೀವಿ. ನಿಮ್ಮದು ಯಾವುದು ಹೇಳಿ ನೋಡೋಣ” ಅಂದಳು. ಆಕೆ ಒಂದು ಕ್ಷಣವೂ ತಡೆಯದೆ ಎಡತುದಿಯದನ್ನು ಎತ್ತಿಕೊಂಡು, ಅಲೆಗಳ ಲಯ ತೋರಿಸಿ, ಅಂಚಿನ ನಯ ತೋರಿಸಿ, “ಆ ಮೂರರಲ್ಲಿ ಇದರ ಆತ್ಮ ಇಲ್ಲ ಅಂಕಲ್, ಕಣ್ಣಿಗೆ ಹೊಡೀತಿದೆ” ಎಂದು ಮುಗಿಸಿದಳು. ಟೀ ತಂದ ನನ್ನ ಹೆಂಡತಿ ಕಪ್ಪನ್ನು ಆಕೆಯ ಕೈಗಿಟ್ಟು, “ಅದು ನಿಮ್ಮೋರೇ ಬೇಡ ಅಂತ ವಾಪಸ್ ಕಳ್ಸಿದ್ದು ಕಣಮ್ಮ” ಅಂದಳು.

ಹುಡುಗಿಯ ಮುಖ ಸಪ್ಪಗಾಯಿತು. ಹೆಂಡತಿಯ ಕೈ ನೋಡಿದಳು, ಬಾಲ್ಕನಿಯ ಮಿಷನ್ನು ನೋಡಿದಳು, ಆಮೇಲೆ, “ಆಂಟೀ, ಆ ಕಾರ್ಡನ್ನ ಬಾಯಿಪಾಠ ಮಾಡಿ ಅಂತ ಕೊಡ್ತಾರೆ ಅಷ್ಟೇ. ನಾವ್ಯಾರೂ ಆ ದ್ವೀಪ ನೋಡಿಲ್ಲ” ಅಂದಳು. ತಮ್ಮ ಇಡೀ ಮಳಿಗೆಯಲ್ಲಿ ಸುಳ್ಳು ಹೇಳಿ ನಾಚಿಕೊಂಡ ವ್ಯಕ್ತಿ ಆಕೆ ಒಬ್ಬಳೇ ಆದ್ದರಿಂದ, ಆಕೆಯ ಸಂಬಳ ಹಿಡಿಯುವಂಥ ದೊಡ್ಡಗುಣವನ್ನು ತಾವು ತೋರಬಾರದೆಂದು ಪ್ರತ್ಯೇಕವಾಗಿ ಬೇಡಿಕೊಳ್ಳುತ್ತೇನೆ. ದ್ವೀಪದ ವಿಷಯಕ್ಕೆ ಬಂದರೆ, ಕಾರ್ಡು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ನಮ್ಮ ಓಣಿಯ ಚರಂಡಿ ಉಕ್ಕಿದ ದಿನಗಳಲ್ಲಿ ನಮ್ಮ ಕಟ್ಟಡದ ಸುತ್ತ ನಾಲ್ಕೂ ಕಡೆ ನೀರು ನಿಲ್ಲುವುದು ನಿಜ. ಅದಕ್ಕೆ ನಾನಿದ್ದ ಕಚೇರಿಯೇ ಕಾರಣವಾದ್ದರಿಂದ, ತಮ್ಮ ದ್ವೀಪವನ್ನು ನಿರ್ಮಿಸುವಲ್ಲಿ ನನ್ನ ಅಳಿಲ ಸೇವೆಯೂ ಇದೆಯೆಂದು ಹೆಮ್ಮೆಪಡುತ್ತೇನೆ.

ಇಷ್ಟಾದ ಮೇಲೆ ಹೆಂಡತಿ ಕೇಳಿದ್ದು ಒಂದೇ: “ನನ್ನನ್ನ ಒಂದ್ಸಲ ಆ ಅಂಗಡಿಗೆ ಕರ್ಕೊಂಡು ಹೋಗಿ.” ಜಗಳಕ್ಕಾದರೆ ಬೇಡ ಅಂದೆ. “ಜಗಳ ಯಾಕೆ? ಆರು ವರ್ಷದಿಂದ ಹೊಲಿದು ಕಳಿಸ್ತಿದೀನಿ. ಹೋಗಿ ಎಲ್ಲಿ ಕೂತಿದಾವೆ ಅಂತ ನೋಡಬಾರದಾ?” ಅಂದಳು. ಹೆಣ್ಣುಮಕ್ಕಳನ್ನು ಮದುವೆ ಮಾಡಿ ಕಳಿಸಿದವರು ಕೇಳುವ ಹಾಗಿತ್ತು ಆ ಮಾತು.

ಹೋದೆವು. ಅವಳು ಒಳ್ಳೆಯ ಸೀರೆ ಉಟ್ಟಿದ್ದಳು. ತಮ್ಮ ಗಾಜಿನ ಬಾಗಿಲು ನಮ್ಮನ್ನು ನೋಡಿ ಒಂದು ಕ್ಷಣ ಯೋಚಿಸಿ ತೆರೆದುಕೊಂಡಿತು. ಅವಳು ಒಂದೊಂದೇ ಪೀಠದ ಮುಂದೆ ನಿಂತು, ಕಿಟಕಿಯ ಪ್ರದರ್ಶನಕ್ಕಿಟ್ಟವನ್ನೂ ನೋಡಿ, ಕಡೆಗೆ ಒಂದರ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದಾಗ ತಾವು ಧಾವಿಸಿ ಬಂದು, “ಮೇಡಂ, ಮುಟ್ಟಬೇಡಿ. ಅದು ಕೈಯಲ್ಲಿ ಮಾಡಿದ್ದು” ಅಂದಿರಿ. “ಗೊತ್ತು. ಅದಕ್ಕೇ ಮುಟ್ಟಿ ನೋಡ್ತಿದೀನಿ” ಅಂದಳು. ಆಮೇಲೆ ಅವಳು ಬಹಳ ಮರ್ಯಾದೆಯಿಂದ, “ಇದನ್ನ ಹೊಲಿದೋರ ಹೆಸರೇನು ಸರ್?” ಎಂದು ಕೇಳಿದಳು, ಅದಕ್ಕೆ ತಾವು ಕೊಟ್ಟ ಉತ್ತರ ಚಿನ್ನದ ನೀರಿನಲ್ಲಿ ಬರೆದಿಡುವಂಥದು: “ಅವರಿಗೆ ಹೆಸರು ಅಂತ ಇರಲ್ಲ ಮೇಡಂ. ಅದೊಂದು ಸಮುದಾಯ.”

ಹೆಸರಿಲ್ಲದ ಆ ಸಮುದಾಯ ಒಂದು ನಿಮಿಷ ತಮ್ಮ ಮುಖವನ್ನೇ ನೋಡಿತು. ಆಮೇಲೆ ಪಕ್ಕದಲ್ಲಿ ಕೊಳ್ಳಲೋ ಬೇಡವೋ ಎಂದು ನಿಂತಿದ್ದ ಹಲ್ಲಿನ ಡಾಕ್ಟರಮ್ಮನ ಕಡೆ ತಿರುಗಿ, ಮೂಲೆ ಏಕೆ ಒಳಕ್ಕೆ ಜಾರಿಸಬೇಕು, ದಾರವನ್ನು ಎಷ್ಟು ಬಿಗಿ ಎಳೆಯಬೇಕು, ಯಾವ ಬಟ್ಟೆ ಒಗೆದರೆ ಕುಗ್ಗುತ್ತದೆ ಎಂದು ಮನೆಯ ಮಾತಿನಂತೆ ಹೇಳತೊಡಗಿತು. “ನಿಮಗೆ ಇಷ್ಟೆಲ್ಲಾ ಹೇಗೆ ಗೊತ್ತು?” ಎಂದರು ಡಾಕ್ಟರಮ್ಮ. “ನಾನೇ ಹೊಲಿದಿದ್ದು” ಅಂದಳು. ತಾವು ನಕ್ಕಿರಿ. ಡಾಕ್ಟರಮ್ಮ ನಗಲಿಲ್ಲ; ಬಾಗಿಲ ಹೊರಗೆ ನಮಗಾಗಿ ಕಾದು ನಿಂತು ಫೋನ್ ನಂಬರು ತೆಗೆದುಕೊಂಡರು.

ಅವರ ಕ್ಲಿನಿಕ್ಕಿಗೆ ಎಂಟು ದಿಂಬು ಹೋದವು. ಅಲ್ಲಿ ಕೂತು ಸರದಿ ಕಾದವರಲ್ಲಿ ಮೂವರು ವಿಳಾಸ ಕೇಳಿದರು. ತಮ್ಮ ದುರದೃಷ್ಟವೋ ಹಲ್ಲಿನ ದುರದೃಷ್ಟವೋ, ಸರದಿಯಲ್ಲಿ ನಾಲ್ಕನೆಯವರು ತಾವೇ ಆಗಿದ್ದಿರಿ. ಊದಿದ ಕೆನ್ನೆಯನ್ನು ನೀಲಿ ದಿಂಬಿಗೆ ಒತ್ತಿಕೊಂಡು ತಾವು ಅರ್ಧ ಗಂಟೆ ಸುಖವಾಗಿ ಕಣ್ಣುಮುಚ್ಚಿದ್ದಿರೆಂದೂ, ಕಣ್ಣು ತೆರೆದು ದಿಂಬು ನೋಡಿದ ಮೇಲೆ ಮಾತ್ರ ನರಳಿದಿರೆಂದೂ ಕ್ಲಿನಿಕ್ಕಿನವರು ಹೇಳಿದರು. ಮರುವಾರದಿಂದ ಸ್ಕೂಟರಣ್ಣ ಬಟ್ಟೆ ತರುವುದು ನಿಂತಿತು. ಅದರ ಹಿಂದೆಯೇ ನೋಟಿಸು ಬಂತು.

ನೋಟಿಸು ಓದಿದ ದಿನ ಹೆಂಡತಿ ಮಿಷನ್ನಿಗೆ ಬಟ್ಟೆ ಹೊದಿಸಿ, ಅದರ ಮುಂದೆ ಕೂತೇ ಇದ್ದಳು. “ಕಳ್ಳಿ ಅಂದ್ಬಿಟ್ರಲ್ಲಾರೀ” ಅಂದಳು. ಮೆಟ್ಟಿಲ ಮೇಲಿನ ಮೂರು ಮನೆಯವರು ಮಾತಾಡಿಕೊಂಡದ್ದು ಅವಳ ಕಿವಿಗೂ ಬಿದ್ದಿತ್ತು. ಎರಡು ದಿನ ಅವಳು ಕೆಳಗೆ ಇಳಿಯಲಿಲ್ಲ. ಈ ಪತ್ರದಲ್ಲಿ ನಗು ಬರಿಸುವಂಥದು ಏನಾದರೂ ಇದ್ದರೆ, ಆ ಎರಡು ದಿನಗಳನ್ನು ಅದರಿಂದ ಕಳೆದು ಓದಿಕೊಳ್ಳಬೇಕೆಂದು ಪ್ರಾರ್ಥನೆ.

ಈಗ ತಮ್ಮ ಆಜ್ಞೆಗಳನ್ನು ಪಾಲಿಸಲು ನಮಗಿರುವ ತೊಡಕುಗಳನ್ನು ವಿನಯದಿಂದ ಅರಿಕೆ ಮಾಡುತ್ತೇನೆ. ನಕಲಿ ಸರಕನ್ನು ಒಪ್ಪಿಸಲು ನಾವು ಸಿದ್ಧ. ಆದರೆ ನಮ್ಮ ಸೋಫಾದ ಮೇಲಿರುವ ನಾಲ್ಕರಲ್ಲಿ ಒಂದು ಅಸಲಿ, ಅದಕ್ಕೆ ತಾವೇ ರಸೀದಿ ಕೊಟ್ಟಿದ್ದೀರಿ. ಅದು ಯಾವುದೆಂದು ಗುರುತಿಸಲು ತಮ್ಮಲ್ಲಿರುವ ಅತ್ಯಂತ ನುರಿತ ಕಣ್ಣನ್ನು ಕಳಿಸಿಕೊಡಿ. ಬೇಕಾದರೆ ಮಗಳು ಆ ಕಣ್ಣನ್ನು ಮೊದಲು ಉಚಿತವಾಗಿ ಪರೀಕ್ಷಿಸುತ್ತಾಳೆ. ಹೊಲಿಗೆಯ ಮಾದರಿ ಬದಲಿಸಲೂ ಹೆಂಡತಿಯ ಅಭ್ಯಂತರವಿಲ್ಲ. ಐವತ್ತನಾಲ್ಕು ವರ್ಷದಿಂದ ಎಡಗೈಯಾಗಿಯೇ ಬೆಳೆದುಬಂದ ಕೈಗೆ, ಇನ್ನು ಮುಂದೆ ತನ್ನ ಹಾಗೆ ಇರಬಾರದೆಂದು ತಿಳಿಹೇಳುವ ಶಿಕ್ಷಕಿಯೊಬ್ಬರನ್ನು ಆ ದ್ವೀಪದಿಂದ ಮುಂದಿನ ಹಡಗಿಗೇ ಕರೆಸಿಕೊಡಬೇಕು. ಬರುವ ಶಿಕ್ಷಕಿಗೆ ಇಲ್ಲಿಯ ಗೋಡೆ ಕೊರೆಯುವ ಸದ್ದು ಅಭ್ಯಾಸವಿಲ್ಲದೆ ಮೌನ ಬೇಕೆನಿಸಿದರೆ, ಪಕ್ಕದ ಮನೆಯವರಿಗೆ ಒಂದು ನೋಟಿಸು ಕಳಿಸುವ ಉಪಕಾರವನ್ನೂ ತಾವೇ ಮಾಡಬೇಕು. ನನ್ನ ಮಾತು ಅವರು ಕೇಳುತ್ತಿಲ್ಲ. ಇನ್ನು ತಮ್ಮ ಪೀಠದ ಮೇಲಿನ ಆ ದೀಪವನ್ನು ಒಂದು ವಾರದ ಮಟ್ಟಿಗೆ ಎರವಲು ಕೊಟ್ಟರೆ, ನಮ್ಮ ತಗಡಿನ ತಟ್ಟೆಯನ್ನೂ ಪ್ಲಾಸ್ಟಿಕ್ ಕುರ್ಚಿಗಳನ್ನೂ ಅದರ ಕೆಳಗೆ ಸರದಿಯ ಮೇಲೆ ಇಟ್ಟು, ನನ್ನ ಪಿಂಚಣಿಯ ಪುಸ್ತಕವನ್ನೂ ಕಡೆಗೊಮ್ಮೆ ಇಟ್ಟು ನೋಡುವ ಆಸೆಯಿದೆ.

ಇದನ್ನೆಲ್ಲ ಬರೆದು ಮುಗಿಸುವ ಹೊತ್ತಿಗೆ, ನಿನ್ನೆ ಬೆಳಗ್ಗೆ, ಬಾಗಿಲಲ್ಲಿ ಸ್ಕೂಟರಣ್ಣ ನಿಂತಿದ್ದರು; ಸ್ಕೂಟರಿಲ್ಲದೆ, ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತಾ. ದೊಡ್ಡ ಹೋಟೆಲ್ಲೊಂದು ತಮ್ಮ ಮಳಿಗೆಯಿಂದ ಅರವತ್ತು ‘ದ್ವೀಪ’ ಕುಶನ್ ಕೇಳಿದೆಯಂತೆ. ತಾವು ಇನ್ನೂ ಮೂವರ ಕೈಲಿ ಹೊಲಿಸಿ ನೋಡಿದಿರಂತೆ. ಮೂಲೆಗಳೆಲ್ಲ ಎದ್ದು ನಿಂತಿವೆಯಂತೆ. “ಅಕ್ಕಾ, ಈ ಒಂದು ಸಲ ಕೈ ಬಿಡಬೇಡಿ. ರೇಟು ನೀವು ಹೇಳಿದಷ್ಟು” ಎಂದು ಆ ಮನುಷ್ಯ ಹೊಸ್ತಿಲಲ್ಲೇ ಕೂತುಬಿಟ್ಟರು. ಹೆಂಡತಿ ಅವರಿಗೆ ನೀರು ಕೊಟ್ಟಳು. ಅವರು ಕುಡಿಯುವವರೆಗೂ ಕಾದಳು. ಆಮೇಲೆ ಒಳಗಿನಿಂದ ತಮ್ಮ ನೋಟಿಸು ತಂದು, ಕನ್ನಡಕ ಏರಿಸಿ, ಬೆರಳಿಟ್ಟು ಓದಿ ತೋರಿಸಿದಳು:

“ಇಲ್ಲಿ ನೋಡಣ್ಣ. ಯಾರಿಗಾಗಿಯೂ, ಯಾವ ಕಾರಣಕ್ಕೂ, ಒಂದೇ ಒಂದು ಹೊಲಿಗೆಯನ್ನೂ ಹಾಕಕೂಡದು ಅಂತಿದೆ. ವಕೀಲರ ಸಹಿ ಇದೆ. ನಾನೇನೋ ಹಾಕ್ಕೊಡ್ತಿದ್ದೆ. ಆದ್ರೆ ಕಾನೂನು ಮೀರೋಕಾಗತ್ತಾ?”

ಮಾನ್ಯರೇ, ನಮ್ಮದು ಕಾನೂನಿಗೆ ಹೆದರಿ ನಡೆಯುವ ಕುಟುಂಬ. ತಮ್ಮ ನೋಟಿಸನ್ನು ಅಕ್ಷರಶಃ ಪಾಲಿಸುವುದರಿಂದ ತಮಗೇ ತೊಂದರೆಯಾಗುತ್ತದೆಂದು ತಿಳಿದು ಅತೀವ ದುಃಖವಾಯಿತು. ಆ ದುಃಖದಲ್ಲಿ ಮೂವರೂ ಮಧ್ಯಾಹ್ನ ಎರಡು ಪಟ್ಟು ಊಟ ಮಾಡಿದೆವು. ನೋಟಿಸನ್ನು ಹಿಂದಕ್ಕೆ ಪಡೆದು, ನಮ್ಮ ಮೆಟ್ಟಿಲ ಮೇಲೆ ಆ ಮೂರು ಮನೆಯವರೂ ನಿಂತಿರುವ ಹೊತ್ತು ನೋಡಿಕೊಂಡು ಬಂದು, ಅವಳ ಕೆಲಸ ಅವಳದೆಂದು ತಾವು ಗಟ್ಟಿಯಾಗಿ ಒಂದು ಮಾತು ಹೇಳಿದರೆ ಆಮೇಲೆ ಯೋಚಿಸುತ್ತಾಳಂತೆ. ಒಪ್ಪುತ್ತಾಳೆಂದು ನಾನು ಭರವಸೆ ಕೊಡಲಾರೆ. ಹಲ್ಲಿನ ಡಾಕ್ಟರಮ್ಮನ ತಂಗಿಯ ಮನೆಯ ಕೆಲಸ ಒಪ್ಪಿಕೊಂಡಿದ್ದಾಳೆ. ಅದು ಹಸಿರು ಬಟ್ಟೆಯ, ಬೇರೆಯೇ ಮಾದರಿಯ ಕೆಲಸ, ತಮ್ಮ ದ್ವೀಪಕ್ಕೂ ಅದಕ್ಕೂ ಸಂಬಂಧವಿಲ್ಲ. ನಿನ್ನೆ ಸಂಜೆ ನಾನೂ ಒಂದು ಕುರ್ಚಿ ಎಳೆದುಕೊಂಡು ಬಾಲ್ಕನಿಯಲ್ಲಿ ಕೂತು, ಅವಳು ಮೂಲೆ ತಿರುಗಿಸುವುದನ್ನು ನೋಡಿದೆ. “ಏನ್ರೀ, ಟಿವಿ ಕೆಟ್ಟಿದೆಯಾ?” ಅಂದಳು. ಇಲ್ಲ ಅಂದೆ.

ಹೊಲಿಗೆ ಬಾರದ, ಆದರೆ ನೋಡುವುದನ್ನು ತಡವಾಗಿಯಾದರೂ ಕಲಿಯುತ್ತಿರುವ,
ತಮ್ಮ ವಿಶ್ವಾಸಿ,
ಆಪಾದಿತಳ ಗಂಡ

ತಾ.ಕ.: ಪತ್ರವನ್ನು ಹೆಂಡತಿಗೆ ಓದಿ ಹೇಳಿದೆ. “ಇಷ್ಟುದ್ದ ಯಾರು ಓದ್ತಾರೆ” ಎಂದು ನಕ್ಕು, ತನ್ನದೂ ಒಂದು ಮಾತು ಸೇರಿಸಲು ಹೇಳಿದಳು. ಅವಳು ಹೇಳಿದಂತೆಯೇ ಬರೆಯುತ್ತಿದ್ದೇನೆ: “ಸರ್, ನಿಮ್ಮ ಕಿಟಕೀಲಿ ಎಡಗಡೆಯಿಂದ ಮೂರನೇದು ಇದೆಯಲ್ಲ, ಅದನ್ನ ಮಾರಬೇಡಿ. ಅದಕ್ಕೆ ಜಿಪ್ಪು ಹಾಕಿದ ದಿನ ನನಗೆ ಜ್ವರ ಇತ್ತು, ಸರಿಯಾಗಿ ಕೂತಿಲ್ಲ, ತಿಂಗಳಲ್ಲಿ ಬಿಚ್ಕೊಳತ್ತೆ. ಕಳಿಸಿಕೊಟ್ರೆ ಸರಿಮಾಡಿ ಕೊಡ್ತೀನಿ, ದುಡ್ಡು ಬೇಡ. ನಿಮಗೋಸ್ಕರ ಅಲ್ಲ. ಕೊಂಡ್ಕೊಂಡೋರು ಹೊಲಿದೋರನ್ನ ಬೈಕೋತಾರೆ.”